ಸಕಲೇಶಪುರದ ಮಳೆ ಆ್ಯಪ್: ಅರ್ಕಾವತ್ತು ಕೊನೆಗೂ ಜಾಗಕ್ಕೆ ಬಂತು

‘ಆರ್ದ್ರಾ’ ಮಳೆಯ ಹೆಸರು ಫೋನಿನಲ್ಲಿ ಸರಿಯಾಗಿ ಕಾಣಿಸಿತು! ನಮ್ಮ ಕಡೆಯ ಬೆಳೆಗಾರರ ಮಳೆ ಲೆಕ್ಕದ ವರ್ಡ್‌ಪ್ರೆಸ್ ಸೈಟನ್ನು ಮೊಬೈಲ್ ವೆಬ್ ಆ್ಯಪ್ ಮಾಡುವ ಕೆಲಸ ಈ ಒಂದು ಪದದ ಹತ್ತಿರವೇ ಕುಂಟುತ್ತಿತ್ತು.

ಆ್ಯಪಿನ ಹೆಸರು, ಐಕಾನ್ ಹೇಳುವ ಮ್ಯಾನಿಫೆಸ್ಟ್, ನೆಟ್ ಇಲ್ಲದಾಗಲೂ ಪುಟ ಕೊಡುವ ಸರ್ವಿಸ್ ವರ್ಕರ್, ಸೈಟಿನ ಮಾಹಿತಿ ಕೊಡುವ ರೆಸ್ಟ್ ಎಪಿಐಯಿಂದ 100ರಂತೆ ಪೋಸ್ಟ್ ಎಳೆಯುವುದು, ಇದೆಲ್ಲ ಮಾಮೂಲಿ ಬಿಡಿ. ಹೆತ್ತೂರು, ಬಿಸಿಲೆ ಕಡೆ ಮಳೆ ಹಿಡಿದರೆ ಸಿಗ್ನಲ್ ನಂಬುವಂತಿಲ್ಲ. ಹಾಗಾಗಿ ಆಫ್‌ಲೈನ್ ಓದಿಗೆ ಮೊದಲ ಮಣೆ.

ತಲೆನೋವು ಹಳೆಯ ಲೇಖನಗಳದ್ದು. ಎಲ್ಲವೂ ನುಡಿ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್, ಯುರೋಪಿನ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುವ ಹಳೆಯ ಪದ್ಧತಿ) ಟೈಪ್ ಮಾಡಿ ಅಂಟಿಸಿದ್ದು. ನುಡಿ ಹಾಕಿದ ಕಂಪ್ಯೂಟರಿನಲ್ಲಿ ಚೆನ್ನಾಗೇ ಕಾಣುತ್ತದೆ. ಫೋನಿನಲ್ಲಿ ತೆರೆದರೆ ಬಾಲ, ಕೊಂಬು ಇರುವ ಯುರೋಪಿನ ಅಕ್ಷರಗಳ ಜಾತ್ರೆ. ಯೂನಿಕೋಡ್‌ಗೆ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಕ್ಷರಕ್ಕೆ ಅಕ್ಷರ ಬದಲಿಸುವ ಪಟ್ಟಿ ಸುಲಭ. ತೊಂದರೆ ಕ್ರಮದ್ದು. ಆಸ್ಕಿಯಲ್ಲಿ ಕಣ್ಣಿಗೆ ಕಂಡ ಹಾಗೆ ಜೋಡಿಸಿರುತ್ತದೆ: ಮೊದಲು ಗುಣಿತ ಸೇರಿದ ಅಕ್ಷರ, ಆಮೇಲೆ ಒತ್ತು, ಅದರಾಚೆ ಅರ್ಕಾವತ್ತು (ಮೊದಲು ಹೇಳುವ ‘ರ್’ ಅನ್ನು ಅಕ್ಷರದ ನಂತರ ಬರೆಯುವ ಚಿಹ್ನೆ). ಯೂನಿಕೋಡ್‌ಗೆ ಬಾಯಲ್ಲಿ ಹೇಳುವ ಕ್ರಮ ಬೇಕು. ‘ವರ್ಷ’ ಹೋಗಿ ‘ವಷರ್’, ‘ಸೂರ್ಯ’ ಹೋಗಿ ‘ಸೂಯರ್’ ಆಗುವುದು ಇದಕ್ಕೇ. ಇಂಥವನ್ನು ನೀವೂ ಎಷ್ಟೋ ಕಡೆ ನೋಡಿದ್ದೀರಿ, ಅಲ್ವಾ?

ಅರ್ಕಾವತ್ತನ್ನು ಒಂದು ಅಕ್ಷರ ದಾಟಿಸಿದರೆ ಇವೆರಡೂ ಸರಿ. ‘ಆರ್ದ್ರಾ’ ಮಾತ್ರ ಬಗ್ಗಲಿಲ್ಲ. ಅಲ್ಲಿ ದಾ, ರ ಒತ್ತು, ಅರ್ಕಾವತ್ತು ಸಾಲಾಗಿ ನಿಂತಿವೆ. ಗುಣಿತ ಆದಮೇಲೆ ಒತ್ತು ಬಂದರೆ ಫೋನು ಒಂದು ಚುಕ್ಕಿ ವೃತ್ತ ಬಿಡಿಸಿ ಕೈ ತೊಳೆದುಕೊಳ್ಳುತ್ತದೆ. ಮಾತಿನಲ್ಲಿ ಎಲ್ಲರೂ ‘ಆರಿದ್ರಾ ಮಳೆ’ ಅನ್ನುತ್ತಾರೆ. ಸುಮ್ನೆ ಹಾಗೇ ಬರೆದಿದ್ದರೆ ನನ್ನ ನಿದ್ದೆ ಉಳಿಯುತ್ತಿತ್ತು.

ದಾರಿ ಹೀಗೆ: ಮೊದಲು ಒತ್ತನ್ನು ಗುಣಿತಕ್ಕಿಂತ ಮುಂಚೆ ತರಬೇಕು. ‘ದ್ರಾ’ ಒಂದಾದ ಮೇಲೆ, ಆ ಇಡೀ ಗುಂಪಿನ ಎಡಕ್ಕೆ ‘ರ್’ ಹಾಕಬೇಕು. ಕೊನೆಗೆ ಎನ್‌ಎಫ್‌ಸಿ ನಾರ್ಮಲೈಸ್, ಅಂದರೆ ಬಿಡಿ ಚಿಹ್ನೆಗಳನ್ನು ಕೂಡಿಸುವ ಯೂನಿಕೋಡ್ ನಿಯಮ. ‘ಕ್ಷೇತ್ರ’ದಲ್ಲಿ ಎತ್ವ ಒತ್ತಿನ ಈಚೆ, ದೀರ್ಘ ಆಚೆ ಇರುತ್ತದೆ. ಒತ್ತು ಜಾಗ ಬಿಟ್ಟ ಕೂಡಲೇ ಎರಡೂ ಪಕ್ಕಪಕ್ಕ ಬರುತ್ತವೆ, ನಾರ್ಮಲೈಸ್ ಅವನ್ನು ಒಂದೇ ಚಿಹ್ನೆ ಮಾಡುತ್ತದೆ. ಇದಕ್ಕೆ ಬೇರೆ ಪಟ್ಟಿ ಬರೆಯುವುದು ತಪ್ಪಿತು.

ಹಾಂ, ಇದನ್ನು ಪುಟದ ರಚನೆಯ ಟ್ಯಾಗುಗಳೂ ಸೇರಿದ ಇಡೀ ಎಚ್‌ಟಿಎಂಎಲ್ ಮೇಲೆ ಓಡಿಸಬೇಡಿ. ನುಡಿಗೂ ಟ್ಯಾಗಿಗೂ ಅದೇ ಇಂಗ್ಲಿಷ್ ಅಕ್ಷರಗಳು, ಟ್ಯಾಗೂ ಕನ್ನಡವಾಗಿಬಿಡುತ್ತದೆ! ನುಡಿ ಫಾಂಟಿನ ಟ್ಯಾಗೊಳಗಿನ ಪಠ್ಯವನ್ನಷ್ಟೇ ಹಿಡಿಯಿರಿ.

ಇನ್ನು ಸೈಟಿಗೆ ಜಾಗ ಕೊಟ್ಟಿರುವ ಹೋಸ್ಟಿಂಗ್‌ನವರು. ವರ್ಡ್‌ಪ್ರೆಸ್ ಅಲಂಕಾರ ಮಾಡುವ ಮೊದಲಿನ ಮೂಲ ಪಠ್ಯ ಬೇಕೆಂದರೆ ಲಾಗಿನ್ ಆಗಬೇಕು. ಇವರ ಸರ್ವರ್ ಲಾಗಿನ್ ವಿವರ ಹೊತ್ತ ಆಥರೈಸೇಷನ್ ಹೆಡರನ್ನೇ ನುಂಗುತ್ತದೆ. ಕೇಳಿದರೆ ‘ಕ್ಯಾಶ್ ಕ್ಲಿಯರ್ ಮಾಡಿ ಸರ್’. ಏನು ಕೇಳಿದರೂ ಅದೇ ಉತ್ತರ. ರಿನ್ಯೂವಲ್ ಬಿಲ್ ಮಾತ್ರ ಯಾವತ್ತೂ ತಡವಾಗಿಲ್ಲ. ಕೊನೆಗೆ ಡೇಟಾಬೇಸನ್ನೇ ಎಕ್ಸ್‌ಪೋರ್ಟ್ ಮಾಡಿ ಮನೆಯಲ್ಲೇ ಬದಲಿಸುತ್ತಿದ್ದೇನೆ.

ಈ ನಡುವೆ ತಲೆಯಲ್ಲಿ ಇನ್ನೊಂದು ಹುಳ. ತೋಟದಲ್ಲಿ ತಾನೇ ಎಣಿಸುವ ಮಳೆ ಮಾಪಕ. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ. 1 ಇಂಚಿಗೆ 100 ಸೆಂಟ್. ಪುಟ್ಟ ತೊಟ್ಟಿ 0.254 ಮಿ.ಮೀ.ಗೆ ಒಮ್ಮೆ ಮಗುಚಿದರೆ ಅದೇ ಒಂದು ಸೆಂಟ್, ಭಾಗಾಕಾರವೇ ಬೇಡ! ತೊಟ್ಟಿ ಮಗುಚಿದ್ದನ್ನು ಅಯಸ್ಕಾಂತದಿಂದ ಗುರುತಿಸುವ ರೀಡ್ ಸ್ವಿಚ್, ಎಣಿಸಲು ಪುಟ್ಟ ವೈಫೈ ಚಿಪ್ ಇಎಸ್‌ಪಿ32 ಇಟ್ಟುಕೊಂಡಿದ್ದೇನೆ. ಕಾಫಿ ಎಲೆ, ಜೇಡರ ಬಲೆ ಕಟ್ಟಿಕೊಳ್ಳದ ಆಲಿಕೆ ಯಾರಾದರೂ ಮಾಡಿದ್ದರೆ ಹೇಳಿ. ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲೇ ಬೇಕು.