ಒತ್ತಕ್ಷರಗಳು ಕೊನೆಗೂ ತಮ್ಮ ಸಾಲಿನಲ್ಲಿ ನಿಂತವು

ಜೂನ್‌ನಲ್ಲಿ ಮಕ್ಕಳು ಬರುವುದರೊಳಗೆ ಮೈಸೂರಿನ ನಮ್ಮ ಮಾಂಟೆಸರಿ ಕೊಠಡಿಯ ಕಪಾಟುಗಳನ್ನು ಹೊಸದಾಗಿಸುವ ಕೆಲಸದಲ್ಲಿ ಬಹುಪಾಲು ಎಣಿಸಿದಂತೆಯೇ ಮುಗಿದಿದೆ. ದಿನನಿತ್ಯದ ಕೆಲಸಗಳನ್ನು ಕಲಿಸುವ ಇಪಿಎಲ್ ಕಪಾಟಿಗೆ ರಾಗಿ ಜರಡಿ ಹಿಡಿಯುವುದು, ವೀಳ್ಯದೆಲೆ ಒರೆಸಿ ಕಟ್ಟು ಕಟ್ಟುವುದು, ಬಾಳೆನಾರಿನಲ್ಲಿ ಹೂ ಪೋಣಿಸುವುದು ಸೇರಿವೆ. ಒಂದರ ಮೇಲೊಂದು ಪೇರಿಸುವ ಗುಲಾಬಿ ಗೋಪುರದ ಮೂಲೆ ಸವೆದ ಘನಗಳಿಗೆ ಮತ್ತೆ ಬಣ್ಣ ಬಿದ್ದಿದೆ. ಗುಲಾಬಿ ಎಂದು ಬರೆದುಕೊಟ್ಟರೂ ಬಣ್ಣದಂಗಡಿಯವರು ಕಳುಹಿಸಿದ್ದು ಬೊಂಬಾಯಿ ಮಿಠಾಯಿಯ ಬಣ್ಣವನ್ನು ಎಂಬುದನ್ನು ಬಿಟ್ಟರೆ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಈ ಟಿಪ್ಪಣಿ ಪೂರ್ತಿಯಾಗಿ ಮೂವಬಲ್ ಆಲ್ಫಬೆಟ್ ಎಂದು ನಾವು ಕರೆಯುವ ಬಿಡಿ ಅಕ್ಷರಗಳ ಪೆಟ್ಟಿಗೆಗೆ, ಅದರಲ್ಲೂ ಒತ್ತಕ್ಷರಗಳಿಗೆ ಮೀಸಲು. ರಜೆಯನ್ನೆಲ್ಲ ನುಂಗಿದವು ಅವೇ, ಕೊನೆಗೆ ದಾರಿಗೆ ಬಂದವೂ ಅವೇ.

ಕಾಗುಣಿತದ ಭಾಗ ಕಳೆದ ವರ್ಷವೇ ಮುಗಿದಿತ್ತು. ತಲೆಕಟ್ಟಿಲ್ಲದ ಕೆಂಪು ವ್ಯಂಜನ, ಅದರ ನೆತ್ತಿಯ ಕಚ್ಚಿನಲ್ಲಿ ಕೂರುವ ನೀಲಿ ತಲೆಕಟ್ಟು, ಇಳಿ, ಗುಡಿಸು, ಏತ್ವ. ವ್ಯಂಜನ ಕೆಂಪು, ಸ್ವರ ನೀಲಿ ಎಂಬ ವಾಡಿಕೆಯನ್ನು ಕನ್ನಡಕ್ಕೆ ತಂದರೆ ತಲೆಕಟ್ಟೂ ನೀಲಿಯೇ ಆಗಬೇಕು, ಏಕೆಂದರೆ ‘ಕ’ದೊಳಗಿನ ಅಕಾರವನ್ನು ಹೊತ್ತಿರುವುದು ಅದೇ. ಪು, ವು, ಮೊ, ಯೊ ಮೊದಲಾದ ಹಟಮಾರಿಗಳನ್ನು ಇಡಿಯಾಗಿಯೇ ಕತ್ತರಿಸಿಕೊಂಡೆವು. ಬ, ಲ, ಜ, ಣ, ಖಗಳಿಗೆ ತಲೆಕಟ್ಟೇ ಇಲ್ಲವಲ್ಲ, ಆಗ ಅಕಾರ ಎಲ್ಲಿ ಹೋಯಿತು ಎಂದು ಇಲ್ಲಿಯವರೆಗೆ ಯಾವ ಮಗುವೂ ಕೇಳಿಲ್ಲ. ತರಬೇತಿಗೆ ಬಂದ ದೊಡ್ಡವರು ಮಾತ್ರ ತಪ್ಪದೆ ಕೇಳುತ್ತಾರೆ.

ಒತ್ತಕ್ಷರವನ್ನು ಮಾತ್ರ ನಮ್ಮಲ್ಲಿ ಬಹುತೇಕರು ವರ್ಷದ ಕೊನೆಗೆ ತಳ್ಳುತ್ತಾರೆ. ಮರ, ಸರ, ಕಮಲ, ಗರಗಸ, ಆಮೇಲೆ ಕಾಗುಣಿತ, ಎಲ್ಲವೂ ಮುಗಿದ ಮೇಲೆ ಒತ್ತು. ಪಠ್ಯಪುಸ್ತಕಕ್ಕೆ ಈ ಕ್ರಮ ಒಪ್ಪಬಹುದು, ಬಿಡಿ ಅಕ್ಷರಗಳ ಪೆಟ್ಟಿಗೆಗೆ ಒಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಪೆಟ್ಟಿಗೆ ಇರುವುದೇ ಮಗು ತನ್ನ ಮನಸ್ಸಿನಲ್ಲಿರುವ ಮಾತನ್ನು, ಕೈ ಇನ್ನೂ ಪೆನ್ಸಿಲ್ಲಿಗೆ ಪಳಗುವ ಮೊದಲೇ, ಜೋಡಿಸಿ ನೋಡಲಿ ಎಂದು. ನಾಲ್ಕು ವರ್ಷದ ಮಗುವಿನ ಮನಸ್ಸಿನಲ್ಲಿ ಇರುವವರು ಯಾರು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಅತ್ತೆ. ಮನೆಮಂದಿಯೆಲ್ಲ ಒತ್ತಕ್ಷರದಲ್ಲೇ ಇರುವಾಗ ಆ ಮಗುವಿನ ಕೈಗೆ ಗರಗಸ ಕೊಟ್ಟು ಕೂರಿಸುವುದು ಯಾವ ನ್ಯಾಯ?

1907ರಲ್ಲಿ ರೋಮಿನ ಸಾನ್ ಲೊರೆಂಜೊದಲ್ಲಿ ಮೊದಲ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸರಿಯವರಿಗೆ ಈ ತಲೆನೋವು ಇರಲಿಲ್ಲ. ಇಟಾಲಿಯನ್ನಿನ 21 ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ನಮ್ಮ 49 ಅಕ್ಷರಗಳು ಎಡದಿಂದ ಬಲಕ್ಕೆ ಹೋಗುವುದಲ್ಲದೆ ಮೇಲಿನಿಂದ ಕೆಳಕ್ಕೂ ಇಳಿಯುತ್ತವೆ.

ಮೊದಲ ಪೆಟ್ಟು ಲೇಸರ್ ಕತ್ತರಿಸುವವರಿಂದ ಬಂತು. ಒತ್ತನ್ನು ಒಂಟಿಯಾಗಿ ಟೈಪಿಸಲು ಯೂನಿಕೋಡ್‌ನಲ್ಲಿ ದಾರಿಯಿಲ್ಲ. ವ್ಯಂಜನ, ವಿರಾಮ (ಅರ್ಧಾಕ್ಷರದ ಕೊಕ್ಕೆ), ವ್ಯಂಜನ ಎಂಬ ಸರಣಿಯನ್ನು ನೋಡಿ ಫಾಂಟೇ ಅದನ್ನು ಕಟ್ಟಿಕೊಡುತ್ತದೆ. ನಗರದ ಒಂದು ಅಂಗಡಿಗೆ ಕಡತವನ್ನೂ ಫಾಂಟನ್ನೂ ಮಾದರಿಯ ಮುದ್ರಿತ ಹಾಳೆಯನ್ನೂ ಕೊಟ್ಟು ಬಂದರೆ, ಅವರ ತಂತ್ರಾಂಶ ಒತ್ತುಗಳನ್ನೆಲ್ಲ ಬಿಡಿಸಿ, ಪ್ರತಿಯೊಂದು ವ್ಯಂಜನಕ್ಕೂ ಅರ್ಧಾಕ್ಷರದ ಕೊಕ್ಕೆ ಹಾಕಿ, ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಚ್ಚುಕಟ್ಟಾಗಿ ಕತ್ತರಿಸಿತ್ತು. ಚೀಲದ ತುಂಬ ‘ಅಮ್‌ಮ’, ‘ಅಕ್‌ಕ’. ಹಾಳೆಯನ್ನು ತೋರಿಸಿದರೆ, ‘ಕಂಪ್ಯೂಟರಿನಲ್ಲಿ ಕನ್ನಡ ಹೀಗೇ ಬರುವುದು ಮೇಡಂ, ಓದಿದರೆ ಅರ್ಥ ಆಗುತ್ತಲ್ಲ’ ಎಂಬ ಸಮಾಧಾನ ಸಿಕ್ಕಿತು. ಅರ್ಥ ಆಗುತ್ತದೆ, ನಿಜ. ಹಣ ವಾಪಸು ಬರಲಿಲ್ಲ ಎಂಬುದೂ ಅರ್ಥವಾಯಿತು.

ಈ ಹಾದಿಯಲ್ಲಿರುವವರಿಗೆ ಒಂದು ಮಾತು: ಅಕ್ಷರವನ್ನು ಅಕ್ಷರವಾಗಿ ಯಾರಿಗೂ ಕಳುಹಿಸಬೇಡಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ‘ಕ್ಮ’, ‘ಕ್ತ’ ಎಂದು ಅರ್ಥವಿಲ್ಲದಿದ್ದರೂ ಟೈಪಿಸಿ, ರೇಖೆಗಳಾಗಿ ಮಾರ್ಪಡಿಸಿ, ಗುಂಪು ಬಿಡಿಸಿ, ಮೇಲಿನ ‘ಕ’ವನ್ನು ಅಳಿಸಿದರೆ ಒತ್ತು ಒಂಟಿಯಾಗಿ ಉಳಿಯುತ್ತದೆ. ಅದರ ಸಪೂರ ಕುತ್ತಿಗೆಗಳನ್ನು ಆಮೇಲೆ ಕೈಯಿಂದಲೇ ದಪ್ಪ ಮಾಡಬೇಕು, ಇಲ್ಲದಿದ್ದರೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ನಕಾರದ ಒತ್ತು ಮಕ್ಕಳ ಕೈಗೆ ಸಿಗುವ ಮೊದಲೇ ಮುರಿಯುತ್ತದೆ. ಬೇರೆ ಅಂಗಡಿಯವರು ಈ ರೇಖೆಗಳನ್ನು ಅದೇನೆಂದು ಕೇಳದೆ ಕತ್ತರಿಸಿಕೊಟ್ಟರು.

ತುಂಡುಗಳು ಬಂದವು, ಆದರೆ ನಿಲ್ಲಲಿಲ್ಲ. ಚಾಪೆಯ ಮೇಲೆ ‘ಅಪ್ಪ’ ಎಂದು ಜೋಡಿಸಿದರೆ ಮುಂದಿನ ಪದಕ್ಕೆ ಕೈ ಚಾಚುವಷ್ಟರಲ್ಲಿ ಮಂಡಿ ತಾಗಿ ಒತ್ತು ಪಕ್ಕದ ಅಕ್ಷರದ ಕೆಳಗೆ ಸರಿದಿರುತ್ತದೆ. ಒಬ್ಬಳು ಒತ್ತನ್ನು ಅಕ್ಷರದ ನೆತ್ತಿಯ ಮೇಲಿಟ್ಟು, ಬೀಳುವುದಿಲ್ಲವಲ್ಲ ಎಂದು ತೃಪ್ತಿಪಟ್ಟಳು. ಅಯಸ್ಕಾಂತ ಹಚ್ಚಿ ಎಂದು ಸಲಹೆ ಕೊಟ್ಟವರಿಗೆ ಕೊರತೆಯಿರಲಿಲ್ಲ. ನಿಯೋಡಿಮಿಯಮ್ ಗುಂಡಿಗಳನ್ನು ಮೂರರಿಂದ ಆರು ವರ್ಷದವರ ಕೊಠಡಿಗೆ ತರುವ ಮಾತೇ ಇಲ್ಲ. ಎರಡು ನುಂಗಿದರೆ ಕರುಳನ್ನು ನಡುವೆ ಹಿಡಿದು ಗಾಯ ಮಾಡುವ ವಸ್ತು ಅದು. ರಬ್ಬರಿನ ಅಯಸ್ಕಾಂತ ಹಾಳೆ ಅಪಾಯಕಾರಿಯಲ್ಲ, ಆದರೆ ಅದರಲ್ಲಿ ಧ್ರುವಗಳು ಪಟ್ಟಿಪಟ್ಟಿಯಾಗಿ ಇರುವುದರಿಂದ ಹಾಳೆಗೆ ಹಾಳೆ ಕೂಡಿಸಿದಾಗ ಒತ್ತು ನಾವಿಟ್ಟಲ್ಲಿ ನಿಲ್ಲದೆ ಒಂದು ಪಟ್ಟಿಯಷ್ಟು ಹಾರಿ ತನಗಿಷ್ಟ ಬಂದಲ್ಲಿ ಕೂರುತ್ತದೆ. ಉದ್ದಕ್ಕೆ ಸಣ್ಣ ಕಾಲುವೆ ಕೊರೆದ ಪಟ್ಟಿಯಲ್ಲಿ ಅಕ್ಷರಗಳನ್ನು ನಿಲ್ಲಿಸಬಹುದೇ ಎಂದರೆ, ಕನ್ನಡದ ಅಕ್ಷರಗಳ ತಳವೆಲ್ಲ ಗುಂಡು. ‘ರ’ ಮತ್ತು ‘ಠ’ ನಿಂತ ಜಾಗದಲ್ಲೇ ಉರುಳುತ್ತವೆ.

ಪರಿಹಾರ ಬಂದದ್ದು ಮಂಡಿ ಮೊಹಲ್ಲಾದಲ್ಲಿ, ಕೆತ್ತಿದ ಹಲಗೆಯೊಳಗೆ ಬೇರೆ ಮರದ ತುಂಡುಗಳನ್ನು ಕೂರಿಸುವ ಇನ್‌ಲೇ ಕೆಲಸದಲ್ಲಿ ಪಳಗಿದ ಬಡಗಿಯೊಬ್ಬರಿಂದ. ಮೇಲೆ ಅಂಟಿಸುವ ಯೋಚನೆ ಬಿಡಿ, ನೆಲವನ್ನೇ ತಗ್ಗಿಸಿ ಎಂದರು ಅವರು. ಹಾಗಾಗಿ ಈಗ ಇರುವುದು ಚಾಪೆಯ ಮೇಲೆ ಮಲಗುವ, 60 ಸೆಂ.ಮೀ. ಉದ್ದದ ತೇಗದ ತಟ್ಟೆ. ಮೇಲಿನ ಅಂಕಣ 7 ಸೆಂ.ಮೀ. ಅಗಲ, ಕೆಳಗಿನದು 3.5, ನಡುವೆ ಬಿದಿರಿನ ತೆಳು ಪಟ್ಟಿ. ಅಕ್ಷರಗಳು 4 ಮಿ.ಮೀ. ದಪ್ಪ, ಒತ್ತುಗಳು 6. ಕೆಳಗಿನ ಅಂಕಣದ ನೆಲ 2 ಮಿ.ಮೀ. ತಗ್ಗು. ಒತ್ತು ತನ್ನ ಅಂಕಣದಲ್ಲಿದ್ದರೆ ಇಡೀ ಪದ ಒಂದೇ ಮಟ್ಟದಲ್ಲಿರುತ್ತದೆ. ಮೇಲಿನ ಅಂಕಣಕ್ಕೆ ಹತ್ತಿದ್ದರೆ ಅಂಗೈ ಸವರಿದಾಗ ತಡೆಯುತ್ತದೆ. ದೊಡ್ಡ ಅಕ್ಷರ ಕೆಳಗಿನ ಅಂಕಣದಲ್ಲಿ ಹಿಡಿಸುವುದೇ ಇಲ್ಲ. ತಪ್ಪನ್ನು ಉಪಕರಣವೇ ಹೇಳಬೇಕು, ಆಂಟಿ (ನಮ್ಮಲ್ಲಿ ಶಿಕ್ಷಕಿಯನ್ನು ಕರೆಯುವುದು ಹೀಗೆ) ಹೇಳಬಾರದು ಎಂಬ ನಿಯಮ ಇಲ್ಲಿ 2 ಮಿ.ಮೀ.ಗಳಲ್ಲಿ ನಡೆದುಹೋಯಿತು.

ಕೇಳದೆಯೇ ಸಿಕ್ಕ ಲಾಭವೊಂದಿದೆ. ಐತ್ವದ ಕೆಳಗಿನ ಕೊಂಡಿಯೂ ವಟ್ರಸುಳಿಯೂ ಬಲಗಡೆಯ ತಳದಲ್ಲೇ ಕೂರುವುದರಿಂದ ಅವಕ್ಕೂ ಕೆಳಗಿನ ಅಂಕಣ ಸರಿಹೋಯಿತು. ಅವು ಸ್ವರವಾದ್ದರಿಂದ ನೀಲಿ, ಒತ್ತು ವ್ಯಂಜನವಾದ್ದರಿಂದ ಕೆಂಪು. ಇದರಿಂದ ನಮ್ಮ ಮಕ್ಕಳು ‘ಮೈಸೂರು’ ಮತ್ತು ‘ಮೃಗಾಲಯ’ವನ್ನು ಬೇಗ ಬರೆಯುತ್ತಾರೆ; ‘ಮಂಡ್ಯ’ ತಡವಾಗುತ್ತದೆ, ಮಂಡ್ಯದವರು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ತಡವಾಗುವುದಕ್ಕೆ ಕಾರಣವಿದೆ. ಸಜಾತೀಯ ಒತ್ತು ಕಿವಿಗೂ ಕಣ್ಣಿಗೂ ಜಗಳ ತರುವುದಿಲ್ಲ. ವಿಜಾತೀಯ ಹಾಗಲ್ಲ: ‘ರಾತ್ರಿ’ಯಲ್ಲಿ ಇಕಾರ ಕೇಳುವುದು ರಕಾರದ ಮೇಲೆ, ಗುಡಿಸು ಕೂರುವುದು ತಕಾರದ ನೆತ್ತಿಯಲ್ಲಿ. ಕಿವಿಯನ್ನು ನಂಬಿ ಜೋಡಿಸುವ ಮಗು ರಾ, ತ, ರಿ ಎಂದು ಸಾಲಾಗಿ ಇಟ್ಟರೆ ಅದು ಸರಿಯಾಗಿಯೇ ಕೇಳಿಸಿಕೊಂಡಿದೆ ಎಂದು ತಿಳಿಯಬೇಕು. ಆದ್ದರಿಂದ ಮೊದಲು ಸಜಾತೀಯ ಮಾತ್ರ. ಅದರೊಳಗೂ ಒಂದು ಕ್ರಮವಿದೆ. ತ, ನ, ಮ, ಯ, ರ, ಲಗಳ ಒತ್ತಿಗೂ ಅವುಗಳ ಮೂಲ ರೂಪಕ್ಕೂ ಹೋಲಿಕೆಯಿಲ್ಲ. ಕ, ಪ, ಜ, ಣಗಳ ಒತ್ತು ಚಿಕ್ಕದಾದ ಅದೇ ಅಕ್ಷರ. ಹೀಗಾಗಿ ಅಕ್ಕ, ಅಪ್ಪ, ಅಜ್ಜ, ಅಣ್ಣ ಮೊದಲ ವಾರ. ಅಮ್ಮ, ತಮ್ಮ, ಅತ್ತೆ ಉಪ್ಪುಕಾಗದದ ಒತ್ತುಗಳನ್ನು ಬೆರಳಿನಿಂದ ತಿದ್ದಿ, ಹೆಸರು ಹೇಳಿಕೊಟ್ಟು, ಗುರುತಿಸಲು ಹೇಳಿ, ಕೊನೆಗೆ ಅವರಿಂದಲೇ ಹೇಳಿಸುವ ಮೂರು ಹಂತದ ಪಾಠ ಮುಗಿದ ಮೇಲೆ. ಅಮ್ಮನಿಗಿಂತ ಮೊದಲು ಅಪ್ಪ ಬಂದದ್ದಕ್ಕೆ ಪೋಷಕರ ಸಭೆಯಲ್ಲಿ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೇನೆ.

ತಟ್ಟೆಯ ಅಂಟು ಒಣಗುವಷ್ಟರಲ್ಲಿ ಮುಂದಿನ ಹುಚ್ಚು ಹತ್ತಿಯಾಗಿದೆ: ತುಂಡುಗಳನ್ನು ಎತ್ತಲು ಹಿಡಿಗುಬ್ಬಿಗಳಿರುವ ಕರ್ನಾಟಕದ ಮರದ ನಕ್ಷೆ. 31 ಜಿಲ್ಲೆ, 31 ತುಂಡು, ಗುಬ್ಬಿ ಇರುವುದು ಜಿಲ್ಲಾ ಕೇಂದ್ರದ ಮೇಲೆ. ಮೈಸೂರಿನಿಂದ ಮಂಡ್ಯ ಬೇರೆಯಾದದ್ದು 1939ರಲ್ಲಿ, ಮಾಂಟೆಸರಿಯವರು ಮದ್ರಾಸಿಗೆ ಬಂದಿಳಿದ ವರ್ಷವೇ. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಈ ಮೂರು ತುಂಡುಗಳು ಸೇರಿ ಹಳೆಯ ಮೈಸೂರು ಜಿಲ್ಲೆಯಾಗಿ ಒಂದೇ ಹಿಡಿತದಲ್ಲಿ ಎದ್ದು ಬರುವಂತೆ ಅಡಿಯಲ್ಲಿ ಕೊಂಡಿ ಇಡಬಹುದೇ ಎಂದು ಬಡಗಿಯನ್ನು ಕೇಳಿದ್ದೇನೆ. ಗುಬ್ಬಿಗಳು ಚನ್ನಪಟ್ಟಣದ ಅರಗಿನ ಬಣ್ಣದಲ್ಲೇ ಆಗಬೇಕೆಂಬ ಆಸೆ. ಆದರೆ ವಿಚಾರಿಸಿದಲ್ಲೆಲ್ಲ ‘ಸಗಟಿಗೆ ಮಾತ್ರ’ ಎನ್ನುತ್ತಾರೆ, ಜಿಲ್ಲೆಗಳನ್ನು ಹೆಚ್ಚಿಸುವುದು ನನ್ನ ಕೈಯಲ್ಲಿಲ್ಲ.

ಒತ್ತಿನ ಪೆಟ್ಟಿಗೆಯಲ್ಲಿ ಬಾಕಿ ಉಳಿದದ್ದು ಅರ್ಕಾವೊತ್ತು ಒಂದೇ. ‘ಸೂರ್ಯ’ದಲ್ಲಿ ಕಿವಿಗೆ ರಕಾರ ಮೊದಲು, ಬರಹದಲ್ಲಿ ಅದು ಯಕಾರದ ಬಲಕ್ಕೆ. ಅದು ಕೆಳಕ್ಕೆ ಇಳಿಯದೆ ಸಾಲಿನಲ್ಲೇ ನಿಲ್ಲುವುದರಿಂದ 4 ಮಿ.ಮೀ. ದಪ್ಪದಲ್ಲಿ ಮೇಲಿನ ಅಂಕಣಕ್ಕೇ ಕತ್ತರಿಸಬೇಕು, ಮತ್ತು ದಸರಾ ರಜೆಯ ನಂತರ ಐದು ದಾಟಿದವರಿಗೆ ಮಾತ್ರ ಕೊಡಬೇಕು. ಅಲ್ಲಿಯವರೆಗೆ ನೋಡಿ ಹೆಸರು ಜೋಡಿಸಲೆಂದು ಇಟ್ಟಿರುವ ವಸ್ತುಗಳ ಬುಟ್ಟಿಯಿಂದ ಸೂರ್ಯನ ಚಿತ್ರವನ್ನೂ ಮಣ್ಣಿನ ಕರ್ಜಿಕಾಯಿಯನ್ನೂ ತೆಗೆದಿಟ್ಟಿದ್ದೇನೆ.