ಸೆಲ್ಲು ಇಳಿದ ಕ್ಯಾಸೆಟ್

ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಹಾಡಿದ ಒಂದು ತತ್ವಪದದ ಕ್ಯಾಸೆಟ್ ನಮ್ಮಲ್ಲಿ ಉಳಿದಿದೆ. ಹಳೆ ಬಾಗಲಕೋಟೆಯ ಮನೆಯಲ್ಲಿ ರೆಕಾರ್ಡ್ ಮಾಡಿದ್ದು. ಆ ಓಣಿ ಈಗ ಆಲಮಟ್ಟಿ ಹಿನ್ನೀರಿನ ಪಾಲು. ಕಳೆದ ಭಾನುವಾರ ನವನಗರದ ನನ್ನ ರೂಮಿನಲ್ಲಿ ಕೂತು ಅದಕ್ಕೆ ತಬಲಾ ಸೇರಿಸೋಣ ಅಂತ ಹೊರಟೆ.

ಕ್ಯಾಸೆಟ್ ಡೆಕ್ಕಿನ ಕೆಂಪು-ಬಿಳಿ ಪಿನ್ನುಗಳನ್ನು ಆಡಿಯೋ ಇಂಟರ್‌ಫೇಸ್‌ಗೆ ಚುಚ್ಚಿದೆ, ಅಲ್ಲಿಂದ ಯುಎಸ್‌ಬಿ ಲ್ಯಾಪ್‌ಟಾಪಿಗೆ. ಹಾಡಿಗಿಂತ ಮೊದಲು ಕೇಳಿದ್ದು ಗುಂಯ್ ಅನ್ನೋ ಸದ್ದು. ನಮ್ಮ ಕರೆಂಟಿನ 50 ಹರ್ಟ್ಸ್! ವೈರು ಬದಲಿಸಿದೆ, ಬೋರ್ಡು ಬದಲಿಸಿದೆ. ಒಂದು ತಾಸು ಸುಮ್ನೆ ಹೋಯಿತು. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಗಪ್ಪಾಯಿತು.

ಅಸಲಿ ತಕರಾರು ಆಮೇಲೆ. ಮುತ್ಯಾನ ಹಾರ್ಮೋನಿಯಂ ಇನ್ನೂ ಮನೆಯಲ್ಲಿದೆ. ಅವನು ಯಾವಾಗಲೂ ಕಪ್ಪು ಒಂದರಲ್ಲೇ, ಅಂದರೆ ಮೊದಲ ಕಪ್ಪು ಕೀಯನ್ನೇ ಷಡ್ಜ ಮಾಡಿಕೊಂಡು, ಹಾಡುತ್ತಿದ್ದ. ಆ ಕೀ ಒತ್ತಿ ಹಿಡಿದರೆ ಟೇಪಿನ ಷಡ್ಜ ತುಸು ಮೇಲಿತ್ತು. ಶುರುವಿನಲ್ಲಿ 20 ಸೆಂಟ್, ಹಾಡು ಮುಗಿಯುವಷ್ಟರಲ್ಲಿ 40. ಕಪ್ಪು-ಬಿಳಿ ಸೇರಿಸಿ ಎಣಿಸಿದರೆ ಪಕ್ಕಪಕ್ಕದ ಎರಡು ಕೀಗಳ ನಡುವೆ ಇರೋದೇ 100 ಸೆಂಟ್. ಲಯವೂ ಓಡುತ್ತಿತ್ತು. ಲ್ಯಾಪ್‌ಟಾಪಿನ ತಬಲಾ ಗಡಿಯಾರದಂತೆ ನಡೆದರೆ, ಮುತ್ಯಾ ಎರಡನೇ ನುಡಿಗೇ ಸಮ (ತಾಳದ ಮೊದಲ ಪೆಟ್ಟು) ದಾಟಿ ಮುಂದೆ.

ಡೆಕ್ಕೇ ಕೆಟ್ಟಿರಬೇಕು ಅಂದೆ. ಬಾಗಿಲಲ್ಲಿ ನಿಂತಿದ್ದ ಅವ್ವ, "ಅವತ್ತ ಕರೆಂಟ್ ಇದ್ದಿದ್ದಿಲ್ಲೋ ತಮ್ಮಾ. ಟೇಪಿಗೆ ಹಳೇ ಸೆಲ್ ಹಾಕಿದ್ವಿ" ಅಂದಳು.

ಅಷ್ಟೇ ಸಾಕಾಯಿತು. ಸೆಲ್ಲು ಇಳಿದಂತೆ ಮೋಟಾರು ನಿಧಾನವಾಗಿದೆ. ನಿಧಾನಕ್ಕೆ ತುಂಬಿಕೊಂಡ ಹಾಡು ಸರಿಯಾದ ವೇಗದ ಡೆಕ್ಕಿನಲ್ಲಿ ಜೋರಾಗಿ ಓಡುತ್ತದೆ. ಇಂಥದ್ದಕ್ಕೆ ಬರೀ ಸ್ವರ ಇಳಿಸಿದರೆ ಲಯದ ಓಟ ಹಾಗೇ ಉಳಿಯುತ್ತದೆ, ವೇಗವನ್ನೇ ಇಳಿಸಬೇಕು. ಹಾಡನ್ನು ನುಡಿ ನುಡಿಯಾಗಿ ಕತ್ತರಿಸಿ, ಒಂದೊಂದನ್ನೂ ಹಾರ್ಮೋನಿಯಂಗೆ ಕೂಡಿಸುತ್ತ ಹೋದೆ. ಕೊನೆಯ ನುಡಿಗೆ ನೂರಕ್ಕೆ 2.3ರಷ್ಟು ಇಳಿಸಬೇಕಾಯಿತು.

ಆದರೂ ತಬಲಾ ಪೂರ್ತಿ ಕೂಡಲಿಲ್ಲ. ಪಲ್ಲವಿಗೆ ಮರಳುವಾಗ ಮುತ್ಯಾ ತುಸು ತಡೆದು ಬರುತ್ತಿದ್ದ. ಅದು ಸೆಲ್ಲಿನ ತಪ್ಪಲ್ಲ, ಅಲ್ವಾ? ಕಂಪ್ಯೂಟರ್ ತಬಲಾ ತೆಗೆದುಹಾಕಿ, ಮೈಕ್ ಮುಂದೆ ನಾನೇ ನುಡಿಸಿದೆ. ನನ್ನ ಕೈ ಅಷ್ಟೇನೂ ಸಾಫಿಲ್ಲ, ಆದರೆ ಅವನಿಗಾಗಿ ಕಾಯೋಕೆ ಬರುತ್ತದೆ.

ಟೇಪಿನ ಕೊನೆಗೆ, ಬಟನ್ ಟಕ್ಕೆನ್ನುವ ಮೊದಲು, ಒಂದು ಹೆಣ್ಣು ದನಿ ಇದೆ. "ಚಾ ಆರಾಕತ್ತೈತ್ರೀ ಮಾವಾರ."

"ಅದು ನಾನಲ್ಲ, ನಿಮ್ಮತ್ತಿ ಇರಬೇಕು. ತಗದಹಾಕು" ಅಂದಳು ಅವ್ವ.

ಅತ್ತಿ ತನ್ನ ಅಪ್ಪಗ ಮಾವಾರ ಅಂತಾಳೇನು?