ಮೂಲವೇ ಸಿಗುವಾಗ ಕಾಲಿಬ್ರೊ 35 ಏಕೆ?

ಸಂಗೀತದ ಮಾತು ಬಂದಾಗಲೆಲ್ಲ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “1970ರ ದಶಕದ ಇಟಲಿಯ ಸಿನಿಮಾ ಸಂಗೀತ ಈಗ ಸುಲಭವಾಗಿ ಸಿಗುತ್ತದೆ. ಅದನ್ನು ಬಿಟ್ಟು, ಅದೇ ಜಾಡಿನಲ್ಲಿ ನುಡಿಸುವ ಇಂದಿನ ತಂಡವೊಂದನ್ನು ಇಷ್ಟು ಹಚ್ಚಿಕೊಂಡಿದ್ದೀರಲ್ಲ, ಏಕೆ?” ಅವರು ಕೇಳುವುದು ಮಿಲಾನ್ ನಗರದ ಕಾಲಿಬ್ರೊ 35 ತಂಡದ ಬಗ್ಗೆ. ಹಾಡುಗಾರರ ಆಸರೆಯಿಲ್ಲದೆ ಬಾಸ್, ಡ್ರಮ್ಸ್, ಗಿಟಾರ್, ಆರ್ಗನ್, ಕೊಳಲುಗಳನ್ನೇ ನಂಬಿ ಫಂಕ್, ಅಂದರೆ ಬಾಸ್ ಮತ್ತು ಡ್ರಮ್ಸ್‌ಗಳ ಲಯವೇ ಮುಂದಿರುವ ಸಂಗೀತ, ನುಡಿಸುವ ಈ ತಂಡದ ಮೊದಲ ಆಲ್ಬಂ 2008ರಲ್ಲಿ ಬಂದಿತು. ಹೆಸರಿನಲ್ಲಿರುವ 35 ಎಂಬುದು ಸಿನಿಮಾ ರೀಲಿನ 35 ಮಿಲಿಮೀಟರ್ ಅಗಲ. ಕಾಲಿಬ್ರೊ ಎಂದರೆ ಬಂದೂಕಿನ ನಳಿಗೆಯ ಅಳತೆ.

ಮೊದಲು ಮೂಲದ ಮಾತು. 1969ರ ಡಿಸೆಂಬರ್ 12ರಂದು ಮಿಲಾನಿನ ಪಿಯಾತ್ಸಾ ಫೊಂತಾನಾ ಚೌಕದ ಬ್ಯಾಂಕಿನಲ್ಲಿ ಬಾಂಬ್ ಸಿಡಿದು 17 ಮಂದಿ ಸತ್ತರು. ಅಲ್ಲಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಇಟಲಿಯನ್ನು ಕಾಡಿದ ಹಿಂಸೆಯ ಅವಧಿಯನ್ನು ಅಲ್ಲಿನವರು ‘ಸೀಸದ ವರ್ಷಗಳು’, ಅಂದರೆ ಗುಂಡುಗಳ ವರ್ಷಗಳು, ಎನ್ನುತ್ತಾರೆ. ಬೀದಿಯ ಆ ಭಯವೇ ಪರದೆಯ ಮೇಲೆ ಪೊಲೀಸ್ ಸಿನಿಮಾಗಳಾಗಿ ಬಂದಿತು, ಮತ್ತು ಆ ಸಿನಿಮಾಗಳ ಬೆನ್ನಟ್ಟುವ ದೃಶ್ಯಗಳಿಗಾಗಿ ಫ್ರಾಂಕೊ ಮಿಕಲಿತ್ಸಿ, ಸ್ತೆಲ್ವಿಯೊ ಚಿಪ್ರಿಯಾನಿ, ಅರ್ಮಾಂದೊ ತ್ರೊವಯೋಲಿ ಮೊದಲಾದವರು ಅಮೆರಿಕದ ಫಂಕ್ ಲಯವನ್ನು ತಮ್ಮ ದೇಶದ ರಾಗಭಾವದೊಂದಿಗೆ ಬೆರೆಸಿದರು. ಸಂಗೀತ ನಿರ್ದೇಶಕ ಎನ್ನಿಯೊ ಮೊರ್ರಿಕೋನೆಯವರಂತೂ ನಿರ್ದೇಶಕ ಎಲಿಯೊ ಪೆತ್ರಿಯವರ 1970ರ ಚಿತ್ರವೊಂದಕ್ಕೆ ಸಿಸಿಲಿಯ ಮರ್ರಂತ್ಸಾನೊ ವಾದ್ಯವನ್ನು ಬಳಸಿದರು. ಅದು ನಮ್ಮ ಕಛೇರಿಗಳಲ್ಲಿ ಕೇಳುವ ಮೋರ್ಸಿಂಗ್‌ನ ಒಡಹುಟ್ಟು. ಮೊದಲ ಸಲ ಕೇಳಿದಾಗ ಆ ಸದ್ದು ನನ್ನನ್ನು ಕುರ್ಚಿಯಿಂದ ಎಬ್ಬಿಸಿತ್ತು.

ಆದರೆ ಈ ಸಂಗೀತ ಹುಟ್ಟಿದ್ದು ಇನ್ನೊಂದರ ಸೇವೆಗಾಗಿ. ಕಾರು ಗೋಡೆಗೆ ಬಡಿದರೆ ಬಾಸ್ ನಿಲ್ಲಬೇಕು, ಇನ್‌ಸ್ಪೆಕ್ಟರ್ ಬಾಯಿ ತೆರೆದರೆ ಕೊಳಲು ಹಿಂದೆ ಸರಿಯಬೇಕು. ಆಗಿನ ಧ್ವನಿಮುದ್ರಿಕೆಗಳಲ್ಲಿಯೂ ಎಷ್ಟೋ ತುಣುಕುಗಳು ಎರಡು ನಿಮಿಷದ ಆಸುಪಾಸಿನಲ್ಲಿ, ಲಯ ಈಗಷ್ಟೇ ಕುದುರಿತು ಎನ್ನುವಾಗ ಮುಗಿದುಹೋಗುತ್ತವೆ. ನುಡಿಸಿದವರ ಸ್ಥಿತಿಯೂ ಹಾಗೆಯೇ. ರೋಮ್‌ನ ಸ್ಟುಡಿಯೋಗಳಲ್ಲಿ ದಿನವೂ ಒಂದಲ್ಲ ಒಂದು ಚಿತ್ರಕ್ಕೆ ನುಡಿಸುತ್ತಿದ್ದ ನಾಲ್ವರಿದ್ದರು: ಬಾಸ್‌ನ ಮೌರಿತ್ಸಿಯೊ ಮಯೊರಾನಾ, ಆರ್ಗನ್‌ನ ಆಂತೊನೆಲ್ಲೊ ವನ್ನುಕ್ಕಿ, ಡ್ರಮ್ಸ್‌ನ ರೊಬೆರ್ತೊ ಪೊದಿಯೊ, ಗಿಟಾರ್‌ನ ಕಾರ್ಲೊ ಪೆಸ್. ತಮ್ಮ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅವರು ‘ಮಾರ್ಕ್ 4’ (MARC 4) ಎಂದು ಕರೆದುಕೊಂಡರು. ಪೋಸ್ಟರಿನಲ್ಲಿ ಜಾಗ ಸಿಗದವರು ತಮ್ಮ ಗುರುತನ್ನು ನಾಲ್ಕು ಅಕ್ಷರಗಳಲ್ಲಿ ಅಡಗಿಸಿಟ್ಟಿದ್ದನ್ನು ನೆನೆದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. ನಮ್ಮಲ್ಲಿಯೂ ಬೇರೆಯೇನಲ್ಲ: 1968ರ ‘ಜೇಡರ ಬಲೆ’ಯ ಸಂಗೀತ ಜಿ.ಕೆ. ವೆಂಕಟೇಶ್ ಅವರದೆಂದು ಥಟ್ಟನೆ ಹೇಳುವ ನಾವು, ಅದರಲ್ಲಿ ನುಡಿಸಿದವರು ಯಾರೆಂದು ಕೇಳಿದರೆ ತಡವರಿಸುತ್ತೇವೆ.

ನನ್ನ ಉತ್ತರ ಇರುವುದು ಇಲ್ಲಿಯೇ. ಕಾಲಿಬ್ರೊ 35 ಹಳೆಯ ಸದ್ದನ್ನು ನಕಲು ಮಾಡುವುದಕ್ಕಿಂತ, ಆ ಸದ್ದಿನ ಹಿಂದೆ ಕುಳಿತಿದ್ದ ವಾದಕನನ್ನು ವೇದಿಕೆಯ ಮುಂದಕ್ಕೆ ಕರೆತರುತ್ತದೆ. ಎನ್ರಿಕೊ ಗಾಬ್ರಿಯೆಲ್ಲಿ ಕೀಬೋರ್ಡ್ ಮತ್ತು ಕೊಳಲು, ಮಾಸ್ಸಿಮೊ ಮಾರ್ತೆಲ್ಲೊತ್ತಾ ಗಿಟಾರ್, ಫಾಬಿಯೊ ರೊಂದಾನಿನಿ ಡ್ರಮ್ಸ್, ಹಲವು ವರ್ಷ ಲೂಕಾ ಕವೀನಾ ಬಾಸ್ ಹಿಡಿದ ಈ ತಂಡ, ಧ್ವನಿಮುದ್ರಣ ನೋಡಿಕೊಳ್ಳುವ ತೊಮ್ಮಾಸೊ ಕೊಲ್ಲೀವಾ ಅವರನ್ನೂ ಸದಸ್ಯರೆಂದೇ ಎಣಿಸುತ್ತದೆ. ಮೈಕನ್ನು ಎಲ್ಲಿ ಇಡಬೇಕೆಂಬ ತೀರ್ಮಾನವೂ ಈ ಸಂಗೀತದಲ್ಲಿ ಒಂದು ವಾದ್ಯವೇ ಆದ್ದರಿಂದ ಅದು ಸರಿಯಾದ ಲೆಕ್ಕ.

ಮೊದಲ ಆಲ್ಬಂನಲ್ಲಿರುವ ‘ಮಿಲಾನೊ ಕಾಲಿಬ್ರೊ 9’ ಚಿತ್ರದ ಪೀಠಿಕಾ ಸಂಗೀತವನ್ನೇ ನೋಡಿ. 1972ರ ಮೂಲದಲ್ಲಿ ಸಂಗೀತ ನಿರ್ದೇಶಕ ಲೂಯಿಸ್ ಬಾಕಲೋವ್ ಅವರು ತಂತಿವಾದ್ಯಗಳ ದೊಡ್ಡ ಮೇಳವನ್ನೂ ನೇಪಲ್ಸ್‌ನ ಒಸಾನ್ನಾ ಎಂಬ ರಾಕ್ ತಂಡವನ್ನೂ ಎದುರುಬದುರು ನಿಲ್ಲಿಸಿದ್ದರು. ಅಲ್ಲಿ ಮೇಳ ಹೊರುತ್ತಿದ್ದ ಭಾರವನ್ನು ಇಲ್ಲಿ ಕೆಲವೇ ಜನ ಹಂಚಿಕೊಳ್ಳಬೇಕು. ಹೆಡ್‌ಫೋನ್ ಹಾಕಿ ಕೇಳಿದರೆ ಪ್ರತಿಯೊಬ್ಬನ ಕೈ ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತದೆ. ಮೂಲ ಹೆಚ್ಚು ಭವ್ಯ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಈ ಸಾಮೀಪ್ಯ ನನಗೆ ಅಲ್ಲಿ ಸಿಕ್ಕಿರಲಿಲ್ಲ.

ಮರುನುಡಿಕೆಗಳಲ್ಲಿಯೇ ನಿಂತಿದ್ದರೆ ಬಹುಶಃ ನನ್ನ ಆಸಕ್ತಿಯೂ ಕೆಲವು ವರ್ಷಗಳಲ್ಲಿ ತಣಿಯುತ್ತಿತ್ತು. ಬರಬರುತ್ತಾ ಅವರ ಸ್ವಂತ ರಚನೆಗಳೇ ಹೆಚ್ಚಾದವು. 2013ರ ‘ತ್ರದಿತೋರಿ ದಿ ತುತ್ತಿ’ ಆಲ್ಬಂಗೆ ಪ್ರೇರಣೆ ಜೊರ್ಜೊ ಶೆರ್ಬನೆಂಕೊ ಅವರ ಅದೇ ಹೆಸರಿನ ಪತ್ತೇದಾರಿ ಕಾದಂಬರಿ. ‘ಮಿಲಾನೊ ಕಾಲಿಬ್ರೊ 9’ ಚಿತ್ರದ ಹೆಸರು ಬಂದದ್ದೂ ಇದೇ ಲೇಖಕರ ಕಥಾಸಂಕಲನದಿಂದ. ಅಂದರೆ ಆಗಿನ ನಿರ್ದೇಶಕರು ನೀರು ಸೇದಿದ ಬಾವಿಗೇ ಈ ತಂಡವೂ ತನ್ನ ಕೊಡವನ್ನು ಇಳಿಸಿತು, ಆದರೆ ನಡುವೆ ಸಿನಿಮಾ ಇರಲಿಲ್ಲ. ಕಥೆಯನ್ನು ವಾದ್ಯಗಳೇ ಹೇಳಬೇಕಾಯಿತು, ಮಾತಿಗಾಗಿ ಯಾರೂ ತಗ್ಗಬೇಕಾಗಲಿಲ್ಲ. ಆಮೇಲೆ 2015ರಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಪ್ ಸಂಗೀತಗಾರ ಡಾಕ್ಟರ್ ಡ್ರೇ ತಮ್ಮ ‘ಕಾಂಪ್ಟನ್’ ಆಲ್ಬಂನಲ್ಲಿ ಇವರ ನುಡಿಸಾಣಿಕೆಯ ತುಣುಕೊಂದನ್ನು ಬಳಸಿಕೊಂಡರು. ಅಮೆರಿಕದಿಂದ ಇಟಲಿಗೆ ಬಂದ ಲಯ ಹೀಗೆ ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಮರಳಿತು.

ಆದ್ದರಿಂದ ಈಗ ಯಾರಾದರೂ ಕೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಬಾಕಲೋವ್ ಅವರ ಪೀಠಿಕೆಯನ್ನು ಮೊದಲು ಕೇಳಿಸುತ್ತೇನೆ, ಅದರ ಬೆನ್ನಿಗೇ ಕಾಲಿಬ್ರೊ 35ರದ್ದನ್ನು ಹಾಕುತ್ತೇನೆ. ಎರಡನೆಯದು ನುಡಿಯುವಾಗ ಹೆಚ್ಚಿನವರ ಕಾಲು ತಾನಾಗಿ ತಾಳ ಹಾಕತೊಡಗುತ್ತದೆ, ಮುಗಿದ ಮೇಲೆ ಅವರು ಕೇಳುವುದು ಬೇರೆಯೇ ಪ್ರಶ್ನೆ: “ಆ ಡ್ರಮ್ಸ್ ನುಡಿಸಿದವರು ಯಾರು?”